ರಜೆಯ ಮನೆಗೊಂದು ಹಳೆಯ ಕಾರು

ಹಳೆಯ ವಸ್ತುಗಳಲ್ಲಿ ಎರಡು ಬಗೆ. ಇಟ್ಟಷ್ಟೂ ಗುಣ ಹೆಚ್ಚುವುದು ಒಂದು ಬಗೆ. ಹಳೆಯ ಅಕ್ಕಿ, ನಿಂಬೆಕಾಯಿ ಉಪ್ಪಿನಕಾಯಿ, ಸ್ನೇಹ ಇವೆಲ್ಲ ಆ ಪಂಕ್ತಿಯವು. ಬಳಸಿದಷ್ಟೂ ಬಾಳುವುದು ಇನ್ನೊಂದು ಬಗೆ; ಸೇದುವ ಬಾವಿ, ಹೊಲಿಗೆಯ ಯಂತ್ರ, ಬಾಗಿಲಿನ ಕೀಲು, ಮನುಷ್ಯನ ಮೊಣಕಾಲು ಈ ಪಂಕ್ತಿಗೆ ಸೇರಿದುವು. ಇವನ್ನು ಜೋಪಾನವಾಗಿ ಎತ್ತಿಟ್ಟರೆ ಕೆಟ್ಟುವೆಂದೇ ಲೆಕ್ಕ. ಕಾರು ಯಾವ ಪಂಕ್ತಿಯದೆಂದು ಕೇಳಿದರೆ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಮೊದಲನೆಯದೆಂದು ಹೇಳಿಯಾರು. ‘ಹೆಚ್ಚು ಓಡಿಲ್ಲ ಸ್ವಾಮಿ, ಮನೆಯಲ್ಲೇ ನಿಂತಿತ್ತು’ ಎಂಬುದನ್ನೇ ಮಾರುವವರು ದೊಡ್ಡ ಗುಣವೆಂದು ಹೇಳುತ್ತಾರೆ. ಕೊಳ್ಳುವವರೂ ಅದನ್ನು ನಂಬಿ ಹಣ ಎಣಿಸುತ್ತಾರೆ. 2025ರ ಮೊದಲ ಮೂರು ತಿಂಗಳು ಹಳೆಯ ಕಾರುಗಳ ನಡುವೆ ಅಲೆದ ಮೇಲೆ, ಕಾರು ಎರಡನೆಯ ಪಂಕ್ತಿಯದೆಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಹೀಗೆ ಅಲೆದದ್ದು ನಮಗಾಗಿ ಅಲ್ಲ. ನನಗೂ ನನ್ನ ಮಡದಿಗೂ ಬಸ್ಸು, ಆಟೋ ಸಾಕು. ನಮ್ಮ ಮನೆ ಇರುವುದು ದೊಡ್ಡನೆಕ್ಕುಂದಿಯಲ್ಲಿ. ವಿಮಾನಪುರದ ಎಚ್.ಎ.ಎಲ್. ಕಾರ್ಖಾನೆಯಲ್ಲಿ 36 ವರ್ಷ ದುಡಿದು 2012ರಲ್ಲಿ ನಿವೃತ್ತನಾದವನು ನಾನು. ಸೈಟು ಕೊಂಡಾಗ ಸುತ್ತಲೂ ರಾಗಿಯ ಹೊಲವಿದ್ದಿತು. ಈಗ ಗಾಜಿನ ಕಟ್ಟಡಗಳಿವೆ. ಕೆರೆಯೊಂದು ಮಾತ್ರ, ಪಾಪ, ತನ್ನ ಜಾಗ ಬಿಡದೆ ಕುಳಿತಿದೆ. ನಮ್ಮ ಒಬ್ಬನೇ ಮಗ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿದ್ದಾನೆ. ಡಿಸೆಂಬರಿನಲ್ಲಿ ನಾಲ್ಕು ವಾರ ಹೆಂಡತಿ ಮಕ್ಕಳೊಡನೆ ಬರುತ್ತಾನೆ. ಅದಕ್ಕೆಂದೇ ಮೇಲೊಂದು ಮಹಡಿ ಕಟ್ಟಿಸಿದ್ದಾನೆ. ಉಳಿದ ಹನ್ನೊಂದು ತಿಂಗಳು ಅದಕ್ಕೆ ಬೀಗ.

ಮೊಮ್ಮಗಳಿಗೆ ಅಲ್ಲಿಯ ಶಾಲೆಯಲ್ಲಿ, ರಜೆಯನ್ನು ಎಲ್ಲಿ ಕಳೆಯುತ್ತೀರಿ ಎಂದು ಬರೆಯಲು ಹೇಳಿದ್ದರಂತೆ. ಅವಳು, ‘ನಮಗೆ ಭಾರತದಲ್ಲಿ ಒಂದು ಫೇರಿಯನ್‌ಹೌಸ್ ಇದೆ, ಅಲ್ಲಿ ತಾತ ಅಜ್ಜಿ ಇದ್ದಾರೆ’ ಎಂದು ಬರೆದಿದ್ದಳು. ಹಾಗೆಂದರೆ ರಜೆಯ ಮನೆ. ಊಟಿಯಲ್ಲಿಯೋ ಕೊಡೈಕೆನಾಲಿನಲ್ಲಿಯೋ ಸಾಹುಕಾರರು ಇಟ್ಟುಕೊಳ್ಳುತ್ತಿದ್ದರಲ್ಲ, ಆ ಬಗೆಯದು. ಮಗ ಫೋನಿನಲ್ಲಿ ಇದನ್ನು ಓದಿ ನಕ್ಕ; ನಾನೂ ನಕ್ಕೆ. ಫೋನು ಇಟ್ಟ ಮೇಲೆ ನನ್ನ ಮಡದಿ ಕೇಳಿದಳು: “ಹಾಗಾದ್ರೆ ನಾವು ಇಲ್ಲಿ ಕಾವಲಿಗಿದ್ದೀವೇನ್ರೀ?” ಇದಕ್ಕೆ ಉತ್ತರ ಥಟ್ಟನೆ ಹೊಳೆಯುವಂತಹುದಲ್ಲ.

ಅದೇ ಸಲ ಮಗ ಹೇಳಿದುದು ಕಾರಿನ ಮಾತು. “ಅಪ್ಪ, ಬಂದಾಗಲೆಲ್ಲ ಬಾಡಿಗೆ ಕಾರಿಗೆ ಪರದಾಡ್ತೀವಿ. ಒಂದು ಹಳೇ ಕಾರು ತೊಗೊಂಡು ಅಲ್ಲೇ ಇಟ್ಬಿಡೋಣ. ದುಡ್ಡು ನಾನು ಕಳಿಸ್ತೀನಿ, ನೀವು ನೋಡಿ ಆರಿಸಿ.”

ಬೆರಳಿನಲ್ಲಿ ಒತ್ತಿದರೆ ಬಾಗಿಲಿಗೆ ಗಾಡಿ ಬರುವ ಈ ಕಾಲದಲ್ಲಿ ಕಾರೇಕೆ ಎಂದು ನನ್ನ ಮಿತ್ರರೊಬ್ಬರು ವಾದಿಸಿದರು. ಊರೊಳಗಿನ ಓಡಾಟಕ್ಕೆ ಅವರ ವಾದ ಸರಿಯೇ. ಆದರೆ ನನ್ನ ಅಕ್ಕ ಇರುವುದು ಚಿಂತಾಮಣಿಯ ಕಡೆ ಒಂದು ಹಳ್ಳಿಯಲ್ಲಿ. ಬಾಡಿಗೆಯ ಕಾರಿನಲ್ಲಿ ಹೊಸಕೋಟೆ ದಾಟಿ ಅಲ್ಲಿಗೆ ಹೋದರೆ, ಅವಳು “ಇನ್ನೊಂದು ಗಳಿಗೆ ಕೂತ್ಕೊಳ್ರೋ, ಹಪ್ಪಳ ಕರೀತೀನಿ” ಎನ್ನುವಾಗ ಹೊರಗೆ ಚಾಲಕ ಗಡಿಯಾರ ನೋಡುತ್ತಿರುತ್ತಾನೆ. ತೊಂಬತ್ತರ ಹತ್ತಿರ ಬಂದ ಸೋದರತ್ತೆಯ ಮನೆಯಿಂದ ಗಂಟೆಯ ಲೆಕ್ಕದಲ್ಲಿ ಎದ್ದು ಬರುವುದು ಯಾವ ಮಗನಿಗೂ ಸುಖವಲ್ಲ. ಸ್ವಂತದ ಕಾರಿಗೆ ಕಾಯುವ ಕೂಲಿಯಿಲ್ಲ. ಆದುದರಿಂದ ನಾನು ಒಪ್ಪಿಕೊಂಡೆ.

ಮಗನ ಮೊದಲ ಆಸೆ ಪದ್ಮಿನಿ. ಅವನಿರುವ ದೇಶದಲ್ಲಿ ಮೂವತ್ತು ವರ್ಷ ದಾಟಿದ, ಅಚ್ಚುಕಟ್ಟಾಗಿ ಕಾಪಾಡಿದ ಕಾರಿನ ನಂಬರು ಫಲಕಕ್ಕೆ ‘ಎಚ್’ ಎಂಬ ಅಕ್ಷರ ಸೇರಿಸಿ ಮರ್ಯಾದೆ ಮಾಡುತ್ತಾರೆ. ನನಗೂ ಪದ್ಮಿನಿಯ ಮೇಲೆ ಅಭಿಮಾನ. ನಾನು ದುಡಿದ ಕಾರ್ಖಾನೆಗೂ ಆ ಕಾರಿಗೂ ಒಂದು ದಾಯಾದಿ ಸಂಬಂಧವಿದೆ. 1935ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯೂರೋಪು, ಅಮೆರಿಕಗಳನ್ನು ಸುತ್ತಿ ಬಂದು ಮೋಟಾರು ಕಾರ್ಖಾನೆಯ ಯೋಜನೆ ಹಾಕಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಕೈಜೋಡಿಸಿದರು. ಮೈಸೂರು ಸರ್ಕಾರ ಒಲವು ತೋರಿದರೂ ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯಲಿಲ್ಲ. ಕೊನೆಗೆ ಬೆಂಗಳೂರಿಗೆ ಬಂದದ್ದು ಕಾರಲ್ಲ, ವಿಮಾನ. 1940ರ ಡಿಸೆಂಬರಿನಲ್ಲಿ ವಾಲ್‌ಚಂದರು ಇಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯೇ ಮುಂದೆ ಎಚ್.ಎ.ಎಲ್. ಆಯಿತು. ಅವರದೇ ಪ್ರೀಮಿಯರ್ ಮೋಟಾರು ಕಂಪನಿ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಅಲ್ಲಿ ಫಿಯಟ್ ಎಂದು ಶುರುವಾದ ಕಾರಿಗೆ 1974ರಲ್ಲಿ ಪದ್ಮಿನಿ ಎಂದು ನಾಮಕರಣವಾಯಿತು. ಬೆಂಗಳೂರಿನಲ್ಲಿ ಹುಟ್ಟಬಹುದಾಗಿದ್ದ ಕೂಸು ಎಂಬ ಮಮತೆ ನನಗೆ.

ಆದರೆ ಮಮತೆ ಬೇರೆ, ಸಂಸಾರ ಬೇರೆ. ನೋಡಲು ಹೋದ ಪದ್ಮಿನಿ ಬಹಳ ಚೆಲುವಾಗಿಯೇ ಇದ್ದಿತು. ಬಾಗಿಲು ಮುಚ್ಚಿದರೆ ಬ್ಯಾಂಕಿನ ಲಾಕರು ಮುಚ್ಚಿದ ಸದ್ದು. ಆದರೆ ಅದರ ಉತ್ಪಾದನೆ ನಿಂತು ಕಾಲು ಶತಮಾನವಾಗುತ್ತ ಬಂದಿದೆ. ಬಿಡಿಭಾಗಕ್ಕೆ ಶಿವಾಜಿನಗರದ ಗುಜರಿಯಲ್ಲಿ ತಪಸ್ಸು ಮಾಡಬೇಕು. ನೋಂದಣಿಯ ಹದಿನೈದು ವರ್ಷ ಮುಗಿದ ಕಾರನ್ನು ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಯ್ದು ನೋಂದಣಿ ಹೊಸದು ಮಾಡಿಸಬೇಕು. ಅದರ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ವರ್ಷಕ್ಕೆ ನಾಲ್ಕು ವಾರ ಬರುವ ಮಗ ಆ ನಾಲ್ಕು ವಾರವನ್ನು ಕಾರ್ಬುರೇಟರಿನ ಸೇವೆಯಲ್ಲಿ ಕಳೆಯಬಾರದೆಂದು ನಿಶ್ಚಯಿಸಿ, ಪದ್ಮಿನಿಗೆ ಕೈಮುಗಿದು ಬಂದೆ.

ಎರಡನೆಯದು ಜರ್ಮನ್ ಹೆಸರಿನ ದೊಡ್ಡ ಕಾರು. ಹೊಸದರಲ್ಲಿ ಮನೆಯ ಬೆಲೆ, ಹತ್ತು ವರ್ಷದ ಮೇಲೆ ಹಸುವಿನ ಬೆಲೆ. ಇಷ್ಟು ಅಗ್ಗವೇಕೆಂದರೆ, ಕೊಳ್ಳುವುದು ಸುಲಭ, ಸಾಕುವುದು ಕಷ್ಟ. ಅದರ ಹೊಟ್ಟೆಯೊಳಗೆ ಹತ್ತಾರು ಪುಟ್ಟ ಕಂಪ್ಯೂಟರುಗಳಿರುತ್ತವೆ. ಕಾರು ಮಲಗಿದರೂ ಅವುಗಳಲ್ಲಿ ಕೆಲವು ಮಲಗುವುದಿಲ್ಲ. ಬ್ಯಾಟರಿಯನ್ನು ಗುಟುಕು ಗುಟುಕಾಗಿ ಕುಡಿಯುತ್ತಲೇ ಇರುತ್ತವೆ.

ಮೂರನೆಯದು ದೆಹಲಿಯ ಡೀಸೆಲ್ ಕಾರು. ಹತ್ತು ವರ್ಷ ದಾಟಿದ ಡೀಸೆಲ್ ಕಾರು ರಾಜಧಾನಿಯಲ್ಲಿ ಓಡಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ, ಅಲ್ಲಿಯ ಕಾರುಗಳು ಅಗ್ಗವಾಗಿ ಊರೂರಿಗೆ ಹೊರಟವು. ಆದರೆ ಹೊರರಾಜ್ಯದ ಕಾರನ್ನು ಇಲ್ಲಿ ನೆಲೆಗೊಳಿಸಬೇಕಾದರೆ ನಿರಾಕ್ಷೇಪಣ ಪತ್ರ ತರಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಅಗ್ಗದಲ್ಲಿ ಉಳಿದದ್ದು ಕಚೇರಿಯ ಮೆಟ್ಟಿಲಿನಲ್ಲಿ ಕರಗುತ್ತದೆ.

ಈ ಅಲೆದಾಟದಲ್ಲಿ ನನಗೆ ನಂಬರು ಫಲಕ ಓದುವ ವಿದ್ಯೆ ಬಂದಿತು. ಜಾತಕ ನೋಡುವವರು ನಕ್ಷತ್ರ ಕೇಳಿದಂತೆ ನಾನು ಮೊದಲು ಊರು ಕೇಳತೊಡಗಿದೆ. ಕೆಎ 19, ಕೆಎ 20 ಎಂದರೆ ಮಂಗಳೂರು, ಉಡುಪಿ. ಕಡಲ ಗಾಳಿಯ ಉಪ್ಪು ಕೆಳಗಿನ ತಗಡನ್ನು ತಿಂದಿದೆಯೇ ಎಂದು ಬಗ್ಗಿ ನೋಡಬೇಕು. ಕೆಎ 12, ಕೆಎ 18 ಎಂದರೆ ಕೊಡಗು, ಚಿಕ್ಕಮಗಳೂರು. ಘಟ್ಟ ಹತ್ತಿಳಿದು ಕ್ಲಚ್ಚು ಸವೆದಿದೆಯೇ ಎಂದು ವಿಚಾರಿಸಬೇಕು. ಕೆಎ 53 ನಮ್ಮದೇ ಕೆ.ಆರ್. ಪುರ. ನಮ್ಮದೆಂದು ನಂಬಿಬಿಡುವ ಹಾಗೂ ಇಲ್ಲ. 2022ರ ಸೆಪ್ಟೆಂಬರಿನ ಮೊದಲ ವಾರದಲ್ಲಿ ಹೊರವರ್ತುಲ ರಸ್ತೆಯ ಬೆಳ್ಳಂದೂರು, ಯಮಲೂರು ಸೀಮೆಗಳಲ್ಲಿ ನೀರು ನುಗ್ಗಿ, ಕಂಪ್ಯೂಟರ್ ಕಂಪನಿಗಳ ನೌಕರರು ಟ್ರ್ಯಾಕ್ಟರಿನಲ್ಲಿ ಕಚೇರಿಗೆ ಹೋದುದನ್ನು ನೀವು ಚಿತ್ರದಲ್ಲಿ ನೋಡಿರಬೇಕು. ಆಗ ಮುಳುಗಿದ ಕಾರುಗಳೂ ಒಣಗಿದ ಮೇಲೆ ಎಲ್ಲಿಯಾದರೂ ಇರಲೇಬೇಕಲ್ಲ? ಮುಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಬೇಕು. ಮುಳುಗಿದ ಕಾರಾದರೆ ಕೆಸರಿನ ಗೆರೆಯೊಂದು ಅಲ್ಲಿ ಉಳಿದಿರುತ್ತದೆ. ಬೆಳ್ಳಿಯಂತೆ ಹೊಳೆಯುತ್ತಿದ್ದ ಒಂದು ಕಾರಿನ ಬೆಲ್ಟಿನಲ್ಲಿ ಆ ಗೆರೆ ಸಿಕ್ಕಿತು. ಮಾರುವವರು, “ಮಗು ಕಾಫಿ ಚೆಲ್ಲಿತ್ತು ಸಾರ್” ಎಂದರು. ಎರಡೂ ಬೆಲ್ಟಿಗೆ ಒಂದೇ ಎತ್ತರದಲ್ಲಿ ಕಾಫಿ ಚೆಲ್ಲುವ ಮಗು ಗಣಿತದಲ್ಲಿ ಮುಂದೆ ಬಂದೀತು.

ನಮ್ಮ ಬೀದಿಯ ತಿರುವಿನಲ್ಲಿ ಒಂದು ಸಣ್ಣ ಗ್ಯಾರೇಜಿದೆ. ಅದನ್ನು ನಡೆಸುವ ಹುಡುಗ ಬೇಕಾದಾಗ ನನ್ನೊಡನೆ ಬಂದು, ಕಾರಿನ ಕೆಳಗೆ ನುಸುಳಿ ನೋಡುತ್ತಿದ್ದ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಯನ್ನು ಓದಲು ಕಲಿಸಿದವನೂ ಅವನೇ. 2318 ಎಂದಿದ್ದರೆ 2018ರ ಇಪ್ಪತ್ತಮೂರನೆಯ ವಾರ ಹುಟ್ಟಿದ ಟೈರು. ನಾಲ್ಕನೆಯ ಕಾರನ್ನೂ ಬಿಟ್ಟು ಬರುವಾಗ ಅವನು ಕೇಳಿದ: “ಸಾರ್, ಯಾವ ಗಾಡಿ ಆದ್ರೂ ಆಗಲಿ, ಉಳಿದ ಹನ್ನೊಂದು ತಿಂಗಳು ಯಾರು ಓಡಿಸ್ತಾರೆ?”

“ಓಡಿಸೋದೇನು, ವಾರಕ್ಕೊಂದು ಸಲ ಚಾಲೂ ಮಾಡಿಟ್ಟರೆ ಸಾಲದೆ?” ಎಂದೆ.

“ಸಾಲದು ಸಾರ್. ಗಾಡಿ ಓಡಿದ್ರೆ ಖರ್ಚು, ನಿಂತ್ರೆ ಹಾಳು.”

ಅನಂತರ ಅವನು ಹೇಳಿದುದು ಒಂದು ಪುರಾಣ. ನಿಂತ ಕಾರಿನ ಬ್ಯಾಟರಿ ತಾನಾಗಿ ಇಳಿಯುತ್ತದೆ. ನಿಂತಲ್ಲೇ ಐದು ನಿಮಿಷ ಗುರುಗುಟ್ಟಿಸಿದರೆ ಚಾಲೂ ಮಾಡಲು ಖರ್ಚಾದ ಶಕ್ತಿಯೂ ಅದಕ್ಕೆ ಮರಳುವುದಿಲ್ಲ. ಹೊಗೆಯ ಕೊಳವೆಯಲ್ಲಿ ನೀರು ಕಟ್ಟಿ ತುಕ್ಕು ಹಿಡಿಯುತ್ತದೆ. ಟೈರು ನಿಂತ ಮಗ್ಗುಲಿನಲ್ಲಿ ಚಪ್ಪಟೆಯಾಗುತ್ತದೆ. ಕೈಬ್ರೇಕು ಎಳೆದಿಟ್ಟರೆ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ. ಗೇರಿಗೆ ಹಾಕಿ, ಚಕ್ರಕ್ಕೊಂದು ಕಲ್ಲು ಕೊಟ್ಟು ನಿಲ್ಲಿಸುವುದೇ ಮೇಲು. ಇಲಿಗೆ ವೈರು ಬಹಳ ಪ್ರೀತಿ. ಪೆಟ್ರೋಲಿನ ಕಥೆ ಬೇರೆಯೇ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಹೊಸ ಮಿಶ್ರಣದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇದೆ. ಎಥನಾಲಿನ ಸ್ವಭಾವ ಗಾಳಿಯ ತೇವವನ್ನು ಹೀರುವುದು. ಆದುದರಿಂದ ಅದನ್ನು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಕೊಳೆಹಾಕದೆ, ಓಡಿಸಿ ಸುಟ್ಟು ಹೊಸದು ತುಂಬುತ್ತಿರಬೇಕು. ಹದಿನೈದು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ಕಾರು ರಸ್ತೆ ನೋಡಬೇಕು.

ಇದನ್ನು ಮಗನಿಗೆ ತಿಳಿಸಿದೆ. ಅವನು, “ಅಪ್ಪ, ಬರೀ ಡಿಸೆಂಬರಿಗೆ ಮಾತ್ರ ಅಂತ ನೋಂದಣಿ ಮಾಡ್ಸೋಕ್ಕೆ ಆಗಲ್ವಾ?” ಎಂದ. ಜರ್ಮನಿಯಲ್ಲಿ 1997ರಿಂದ ಋತುವಿನ ಫಲಕ ಎಂಬುದೊಂದಿದೆ. ನಂಬರಿನ ಬಲತುದಿಯಲ್ಲಿ ಎರಡು ತಿಂಗಳ ಅಂಕಿ ಇರುತ್ತದೆ. ಆ ಅವಧಿಯಲ್ಲಿ ಮಾತ್ರ ಕಾರು ಬೀದಿಗಿಳಿಯಬಹುದು, ತೆರಿಗೆಯೂ ವಿಮೆಯೂ ಅಷ್ಟಕ್ಕೇ. ಎಷ್ಟು ಅಚ್ಚುಕಟ್ಟು! ನಮ್ಮಲ್ಲಿ ಅದಿಲ್ಲ. ಇದ್ದರೂ ಕಾಗದಕ್ಕೆ ರಜೆ ಕೊಡಬಹುದೇ ಹೊರತು ಬ್ಯಾಟರಿಗೆ ಕೊಡಲಾಗದು.

ಆಗ ನನಗೆ ನೆನಪಾದುದು ಅವನಿರುವ ಸೀಮೆಯದೇ ಒಂದು ಕಥೆ. 1886ರಲ್ಲಿ ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಹಕ್ಕುಪತ್ರ ಪಡೆದ. ಆದರೆ ಅದು ಹೆಚ್ಚು ದೂರ ಹೋಗಿರಲಿಲ್ಲ. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬೆರ್ಥಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಮಿಕ್ಕ ದೂರವನ್ನು ಆ ಗಾಡಿಯಲ್ಲಿ ಹೋದಳು. ಎಲ್ಲಿಗೆ ಅಂತೀರಿ? ತವರಿಗೆ! ಲೋಕದ ಮೊದಲ ದೂರದ ಕಾರು ಪ್ರಯಾಣ ಹೆಣ್ಣುಮಗಳೊಬ್ಬಳು ತಾಯಿಯ ಮನೆಗೆ ಹೊರಟದ್ದು. ದಾರಿಯಲ್ಲಿ ಎಣ್ಣೆ ತೀರಿದಾಗ ವೀಸ್‌ಲೋಖ್ ಎಂಬ ಊರಿನ ಔಷಧದ ಅಂಗಡಿಯವನು ಕೊಟ್ಟ. ಸರಪಣಿ ಕೆಟ್ಟಾಗ ಕಮ್ಮಾರ ಕೈಕೊಟ್ಟ. ಬ್ರೇಕು ಸವೆದಾಗ ಚಮ್ಮಾರ ತೊಗಲು ಹೊಡೆದ. ಗಾಡಿಯನ್ನು ಮಾಡಿದವನು ಒಬ್ಬ; ತವರಿಗೆ ಮುಟ್ಟಿಸಿದವರು ಹಲವರು. ಅಂದಿನಿಂದ ಇಂದಿನವರೆಗೆ ಕಾರಿನ ಗುಟ್ಟು ಇಷ್ಟೇ. ಹಳೆಯ ಕಾರನ್ನು ಆರಿಸುವುದೆಂದರೆ ಅದರ ಸುತ್ತಲ ಜನವನ್ನು ಆರಿಸುವುದು.

ಈ ದೃಷ್ಟಿಯಿಂದ ನೋಡಿದರೆ ಆಯ್ಕೆ ಸುಲಭವಾಯಿತು. ತಿರುವಿನ ಗ್ಯಾರೇಜಿನ ಹುಡುಗ ಕಣ್ಣುಮುಚ್ಚಿ ಬಿಚ್ಚಿ ಜೋಡಿಸಬಲ್ಲ ಕಾರು ಬೇಕು. ಬೀದಿಯಲ್ಲಿ ನಾಲ್ಕು ಮಂದಿಗೆ ಓಡಿಸಲು ಬರುವ ಕಾರು ಬೇಕು. ನನ್ನ ಮೊಣಕಾಲು ಹತ್ತಿ ಇಳಿಯಬಲ್ಲ ಎತ್ತರದ್ದು ಬೇಕು. ಕುಂದಲಹಳ್ಳಿಯ ಉಪಾಧ್ಯಾಯಿನಿಯೊಬ್ಬರು ದಿನವೂ ಶಾಲೆಗೆ ಓಡಿಸುತ್ತಿದ್ದ 2014ರ ವ್ಯಾಗನ್ ಆರ್ ಸಿಕ್ಕಿತು. ಪೆಟ್ರೋಲಿನದು. ತೊಂಬತ್ತು ಸಾವಿರ ಕಿಲೋಮೀಟರು ಓಡಿದ್ದಿತು. ಮೈಮೇಲೆ ನಾಲ್ಕು ಗೀರು. ಒಳಗೆ ಸೀಮೆಸುಣ್ಣದ ಪುಡಿ. “ತುಂಬಾ ಓಡಿದೆ, ಅದಕ್ಕೇ ಬೆಲೆ ಕಡಿಮೆ ಹೇಳ್ತಿದೀನಿ” ಎಂದು ಅವರು ಸಂಕೋಚಪಟ್ಟರು. ಓಡಿದೆಯೆಂದೇ ನಾನು ಕೊಂಡದ್ದು.

ಕಾಗದಗಳನ್ನು ನನ್ನ ಹೆಸರಿಗೇ ಮಾಡಿಸಿದೆ. ಕಾರಿನ ನೋಂದಣಿ 2029ರ ತನಕ. 55 ದಾಟಿದವರು ಐದು ವರ್ಷಕ್ಕೊಮ್ಮೆ ಲೈಸೆನ್ಸು ಹೊಸದು ಮಾಡಿಸಬೇಕಷ್ಟೆ. 2024ರಲ್ಲಿ ಮಾಡಿಸಿದ ನನ್ನದೂ 2029ರ ತನಕ. ಆ ವರ್ಷ ನಾವಿಬ್ಬರೂ ಒಟ್ಟಿಗೆ ಪರೀಕ್ಷೆಗೆ ನಿಲ್ಲಬೇಕು. ನೋಂದಣಿ ಪತ್ರಕ್ಕೆ 2021ರಿಂದ ವಾರಸುದಾರರ ಹೆಸರು ಸೇರಿಸಲು ಅವಕಾಶವಿದೆ. ಆ ಖಾನೆಯಲ್ಲಿ ಮಗನ ಹೆಸರು ಬರೆದೆ. ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ಮುಂದೊಂದು ದಿನ ಕಾರು ಅವನ ಹೆಸರಿಗೆ ಆಗುವಾಗ ನಾನು ಇರುವುದಿಲ್ಲ; ಆಗ ಇದು ನಿಜಕ್ಕೂ ರಜೆಯ ಮನೆಯಾಗುತ್ತದೆ, ಅಥವಾ ಅದೂ ಆಗದೆ ಬರಿಯ ಬೀಗವಾಗುತ್ತದೆ. ಸರ್ಕಾರದ ನಮೂನೆಗಳು ಕವಿತೆಗಿಂತ ಕಡಿಮೆ ಮಾತಿನಲ್ಲಿ ಇಂತಹುದನ್ನು ಕೇಳಿಬಿಡುತ್ತವೆ.

ಇನ್ನು ಹನ್ನೊಂದು ತಿಂಗಳ ಪ್ರಶ್ನೆ. ಬೀದಿಯ ನಾಲ್ಕು ಮನೆಗಳಿಗೆ ಮಾತು ಹೇಳಿದೆ: ಲೈಸೆನ್ಸು ಇರುವವರು, ಬೇಕಾದಾಗ ಕೀಲಿಕೈ ಕೇಳಿ ಒಯ್ಯಿರಿ, ಸುಟ್ಟಷ್ಟು ಪೆಟ್ರೋಲು ಹಾಕಿಸಿ. ಬಾಡಿಗೆ ಎಂದು ಬಿಡಿಗಾಸು ಮುಟ್ಟುವಂತಿಲ್ಲ; ಬಿಳಿಯ ಫಲಕದ ಕಾರನ್ನು ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ. ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ನಲವತ್ತು ಪುಟದ ನೋಟುಪುಸ್ತಕ ಇಟ್ಟೆ. ತಾರೀಖು, ಎಲ್ಲಿಗೆ, ಎಷ್ಟು ಕಿಲೋಮೀಟರು ಎಂದು ಬರೆಯುವುದು ಮಾತ್ರ ಕಡ್ಡಾಯ.

ಮಗನಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. “ಕಾರು ನಮಗೆ ಅಂತ ತೊಗೊಂಡಿದ್ದಲ್ವಾ ಅಪ್ಪ?” ಎಂದ. ದುಡ್ಡು ಅವನದು, ಕೇಳಿದುದು ನ್ಯಾಯವೇ. “ನೀನು ಬಂದಾಗ ಚಾಲೂ ಆಗೋ ಕಾರು ಬೇಕೋ, ನಿನ್ನೊಬ್ಬನದೇ ಆದ ಕಾರು ಬೇಕೋ? ಎರಡೂ ಒಂದೇ ಕಾರಿನಲ್ಲಿ ಸಿಗೋದಿಲ್ಲಪ್ಪ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ವಿಮೆ ಸರಿಯಾಗಿ ಮಾಡ್ಸಿ” ಎಂದ. ಒಪ್ಪಿಗೆಯೆಂದು ತಿಳಿದುಕೊಂಡೆ.

ಡಿಸೆಂಬರಿನ ಹೊತ್ತಿಗೆ ಪುಸ್ತಕದಲ್ಲಿ ಇಪ್ಪತ್ತಾರು ಪುಟ ತುಂಬಿದ್ದಿತು. ಕಣ್ಣಿನ ಆಸ್ಪತ್ರೆ, ಮಡಿವಾಳದ ಮಾರುಕಟ್ಟೆ, ಹೊಸಕೋಟೆಯ ಮದುವೆ. ಹಿಂದಿನ ಮನೆಗೆ ಬಾಡಿಗೆಗೆ ಬಂದಿರುವ ಹುಬ್ಬಳ್ಳಿಯ ದಂಪತಿಗಳ ಒಂದು ಸಾಲು ಹೀಗಿದೆ: ‘ಆಗಸ್ಟ್ 19, ರಾತ್ರಿ 2-40, ಆಸ್ಪತ್ರೆ, 7 ಕಿ.ಮೀ., ಹೆಣ್ಣು.’ ಆ ರಾತ್ರಿ ಜಡಿಮಳೆ. ಎಷ್ಟು ಒತ್ತಿದರೂ ಯಾವ ಬಾಡಿಗೆ ಗಾಡಿಯೂ ಬಂದಿರಲಿಲ್ಲ. ಮಗ ವಿಮಾನದಿಂದಿಳಿದು ಬಂದ ಮರುದಿನ ಕೀಲಿ ತಿರುಗಿಸಿದ; ಕಾರು ಮೊದಲ ಸಲಕ್ಕೇ ಎದ್ದಿತು. ಚಿಂತಾಮಣಿಯ ಕಡೆಗೆ ಹೊರಟ ಎಲ್ಲರೂ ಅಕ್ಕನ ಮನೆಯಲ್ಲಿ ಹಪ್ಪಳ ಮುಗಿಯುವ ತನಕ ಕುಳಿತು, ಕತ್ತಲಾದ ಮೇಲೆ ಬಂದರು. ಹುಬ್ಬಳ್ಳಿಯ ಸಾಲನ್ನು ಮಗ ಎರಡು ಸಲ ಓದಿದುದನ್ನು ನಾನು ನೋಡಿದೆ. ಏನೂ ಹೇಳಲಿಲ್ಲ. ಹೊರಡುವ ಮುಂಚೆ ಹೊಸ ಬ್ಯಾಟರಿ ಹಾಕಿಸಿ ಹೋದ.

ನಾನು ಕಾರಿಗೆ ಹೇಳಿದ ನ್ಯಾಯವನ್ನು ಮನೆಗೆ ಅನ್ವಯಿಸಿದವಳು ನನ್ನ ಮಡದಿ. ಅವರು ಹೋದ ಮರುವಾರ ಮಹಡಿಯ ಕಿಟಕಿಗಳನ್ನೆಲ್ಲ ತೆರೆದಳು. ಎದುರು ಮನೆಯ ಮೇಡಮ್ಮನವರು ಸಂಜೆ ಹತ್ತು ಮಕ್ಕಳಿಗೆ ಪಾಠ ಹೇಳಲು ಜಾಗ ಸಾಲದೆ ಒದ್ದಾಡುತ್ತಿದ್ದರು. ಅವರಿಗೆ ಮುಂದಿನ ಕೋಣೆ ಬಿಟ್ಟುಕೊಟ್ಟಳು. “ಮಗನನ್ನ ಒಂದು ಮಾತು ಕೇಳಬೇಡವೇ?” ಎಂದೆ. “ಕೇಳಿದೀನಿ. ಮಕ್ಕಳು ಗೋಡೆ ಮೇಲೆ ಬರೀದಿದ್ರೆ ಸಾಕಂತೆ” ಎಂದಳು. ಈಗ ಸಂಜೆಯಾದರೆ ಮಹಡಿಯ ಮೇಲೆ ಮಗ್ಗಿ ಕೇಳಿಸುತ್ತದೆ. ಗೋಡೆಯ ಮೇಲೆ ಆಗಲೇ ಎರಡು ಕಡೆ ಬರೆದಿದ್ದಾರೆ. ಮೊದಲೆಲ್ಲ ತಿಂಗಳಿಗೊಮ್ಮೆ ಮಹಡಿಯ ಬೀಗಕ್ಕೆ ಎಣ್ಣೆ ಬಿಡುವುದು ನನ್ನ ಕೆಲಸವಾಗಿದ್ದಿತು. ಆ ಕೆಲಸ ಈಗ ತಪ್ಪಿದೆ.